ಖಾರಘರದ ಸಾರಿನ ಪುಡಿ

ಆ ಬಿಳಿ ಪುಡಿಗೆ ವಾಸನೆಯೇ ಇಲ್ಲ. ಬಾಟಲಿಯ ಮುಚ್ಚಳ ತೆಗೆದು ಎಷ್ಟು ಹೊತ್ತು ಮೂಸಿದರೂ ಇಲ್ಲ. ಮೊನ್ನೆ ಬುಧವಾರ ನವಿ ಮುಂಬಯಿಯ ನಮ್ಮ ಲ್ಯಾಬಿಗೆ ಯಾವುದೋ ಮಸಾಲೆಯ ಸ್ಯಾಂಪಲ್‌ಗಳು ಬಂದಿದ್ದವು. ಹೋಲಿಸಿ ನೋಡಲು ನಾನು ಕಪಾಟಿನಿಂದ ಶುದ್ಧ ಮೋನೋಸೋಡಿಯಂ ಗ್ಲುಟಮೇಟಿನ ಬಾಟಲಿ ಇಳಿಸಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಋತುಜಾ ಪಕ್ಕದಲ್ಲಿ ನಿಂತಿದ್ದಳು. ಇದನ್ನು ತಿಂದರೆ ನಿಜವಾಗಿ ಏನಾದರೂ ಆಗುತ್ತದಾ ಮ್ಯಾಡಮ್ ಎಂದು ಮರಾಠಿಯಲ್ಲಿ ಕೇಳಿದಳು.

ಏನೂ ಆಗುವುದಿಲ್ಲ ಎಂದೆ. ಅದು ನನಗೆ ಬಾಯಿಪಾಠ. ಎಂ.ಎಸ್ಸಿ.ಗೆ ನಾನು ಮಾಡಿದ ಪ್ರಾಜೆಕ್ಟೇ ಅದರ ಮೇಲೆ. ಆದರೆ ಹೇಳಿ ಮುಗಿಸಿದವಳೇ ಬಾಟಲಿಯನ್ನು ಅವಳ ಕೈಗೆ ಕೊಟ್ಟೆ. ಬಾತ್‌ರೂಮಿಗೆ ಹೋಗಿ, ಸದ್ದು ಕೇಳದಿರಲಿ ಎಂದು ನಲ್ಲಿ ಬಿಟ್ಟು ಅತ್ತೆ. ಮೂವತ್ತರ ಹತ್ತಿರ ಬಂದವಳು, ಕೈಕೆಳಗೆ ನಾಲ್ಕು ಜನ ಇರುವವಳು, ಒಂದು ಚಮಚ ಪುಡಿ ನೋಡಿ ಅಳುವುದೆಂದರೆ ಏನು ಹೇಳಬೇಕು. ಅಂದಿನಿಂದ ಆ ಮಳೆಗಾಲ ಬಿಟ್ಟು ಬೇರೇನೂ ತಲೆಯಲ್ಲಿಲ್ಲ.

ಕೊರೊನಾದ ಎರಡನೆಯ ಅಲೆ ಕಳೆದ ಮರುವರ್ಷದ ಮಳೆಗಾಲ ಅದು. ಡೊಂಬಿವಲಿಯ ಎಂಐಡಿಸಿ ಎಂಬ ಕಾರ್ಖಾನೆ ಪ್ರದೇಶದ ಪಕ್ಕದ ವಸತಿ ಭಾಗದಲ್ಲಿ ಅಪ್ಪನ ಹೋಟೆಲು. ಮುಂದೆ ಹತ್ತು ಟೇಬಲ್ಲು, ಹಿಂದೆ ಅಡುಗೆಮನೆ. ಅಡುಗೆಮನೆಯಲ್ಲಿ ಎರಡು ರಾಜ್ಯಗಳು. ಎಡಕ್ಕೆ ನಮ್ಮ ಇಡ್ಲಿ, ದೋಸೆ, ಊಟದ ಒಲೆ. ಬಲಕ್ಕೆ ಸಂಜೆಯ ಚೈನೀಸ್ ಸೆಕ್ಷನ್, ಅದು ಥಾಪಾ ಎಂಬ ಅಡುಗೆಯವನದು. ಮುಂಬಯಿ ಕಡೆಯ ಉಡುಪಿ ಹೋಟೆಲುಗಳಲ್ಲಿ ಚೈನೀಸ್ ಇಲ್ಲದೆ ಸಂಜೆ ಗಿರಾಕಿ ಬರುವುದಿಲ್ಲ. ಥಾಪಾನ ಒಲೆಯ ಪಕ್ಕ ಈ ಬಿಳಿ ಪುಡಿಯ ಡಬ್ಬ ಇರುತ್ತಿತ್ತು. ಎಲ್ಲರೂ ಅದನ್ನು ಟೇಸ್ಟಿಂಗ್ ಪೌಡರ್ ಎನ್ನುತ್ತಿದ್ದರು. ಅಪ್ಪ ಗಲ್ಲಾದ ಮೇಲೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬೋರ್ಡು ಹಾಕಿಸಿದ್ದರು, ನಮ್ಮ ಸೌತ್ ಇಂಡಿಯನ್ ಪದಾರ್ಥಗಳಿಗೆ ಟೇಸ್ಟಿಂಗ್ ಪೌಡರ್ ಹಾಕುವುದಿಲ್ಲ ಎಂದು. ಆ ಬೋರ್ಡನ್ನು ಅವರು ದಿನಾ ಒರೆಸುತ್ತಿದ್ದರು.

ಎಡಗಡೆಯ ರಾಜ್ಯ ಸೀತಾರಾಮ ಮಾವನದು. ಅಮ್ಮನ ಅಣ್ಣ. ಮದುವೆಯಾಗಲಿಲ್ಲ. ಎಳೆಯ ವಯಸ್ಸಿನಲ್ಲಿ ಉಡುಪಿ ಕಡೆಯ ಒಂದು ದೇವಸ್ಥಾನದ ಅಡುಗೆ ಶಾಲೆಯಲ್ಲಿ ಪಳಗಿದವರು, ಆಮೇಲೆ ಮೂವತ್ತು ವರ್ಷ ಅಪ್ಪನ ಒಲೆಯ ಮುಂದೆ. ನಮ್ಮ ಸಾರಿಗೋಸ್ಕರವೇ ಕಲ್ಯಾಣದಿಂದ ಜನ ಬರುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ಮಾಡಿದ ಅಡುಗೆಯನ್ನು ಬಡಿಸುವ ಮೊದಲು ಒಂದು ಸಲವೂ ರುಚಿ ನೋಡಿದವರಲ್ಲ. ಬೆಳಿಗ್ಗೆ ಮೊದಲ ಸೌಟು ಅಡುಗೆಮನೆಯ ದೇವರ ಫೋಟೋದ ಮುಂದೆ ಹೋಗಬೇಕು, ದೇವರಿಗೆ ಇಡುವುದನ್ನು ಎಂಜಲು ಮಾಡಬಾರದು. ಉಪ್ಪು ಸರಿಯಾಗಿದೆಯಾ, ಹುಳಿ ಹಿಡಿದಿದೆಯಾ ಎಂಬುದೆಲ್ಲ ಅವರಿಗೆ ಮೂಗಿನಲ್ಲೇ ತಿಳಿಯುತ್ತಿತ್ತು. ಕೊಪ್ಪರಿಗೆಯ ಮೇಲೆ ಬಗ್ಗಿ, ಕೈಯಿಂದ ಹಬೆಯನ್ನು ಮುಖದ ಕಡೆ ಎಳೆದುಕೊಂಡು, ಕಣ್ಣು ಮುಚ್ಚುತ್ತಿದ್ದರು. "ಅರ್ಧ ಮುಷ್ಟಿ ಉಪ್ಪು ಬೇಕು" ಎನ್ನುತ್ತಿದ್ದರು. ಅರ್ಧ ಮುಷ್ಟಿಯೇ ಬೇಕಾಗಿರುತ್ತಿತ್ತು. ಚಿಕ್ಕವಳಿದ್ದಾಗ ನಾನು ಅವರಂತೆಯೇ ಮ್ಯಾಗಿಯ ಮೇಲೆ ಬಗ್ಗಿ ಕಣ್ಣು ಮುಚ್ಚುತ್ತಿದ್ದೆ, ಅಮ್ಮ ನಗುತ್ತಿದ್ದಳು.

ಎರಡನೆಯ ಅಲೆಯಲ್ಲಿ ಮಾವನಿಗೂ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದರು. ಎದ್ದರಲ್ಲ ಎಂಬ ಸಂತೋಷದಲ್ಲಿ ನಾವು ಬೇರೇನನ್ನೂ ಕೇಳಲಿಲ್ಲ.

ಈಗ ಯೋಚಿಸಿದರೆ ಎಷ್ಟು ಕಡೆ ಗೊತ್ತಾಗಬೇಕಿತ್ತು. ಆ ಭಾಗದಲ್ಲಿ ಇದ್ದವರಿಗೆ ತಿಳಿದಿರುತ್ತದೆ, ಮಳೆಗಾಲದಲ್ಲಿ ಎಂಐಡಿಸಿಯ ಗಾಳಿ ಕೆಳಗೇ ಕೂರುತ್ತದೆ. ಒಂದು ದಿನ ಕೊಳೆತ ಮೊಟ್ಟೆ, ಇನ್ನೊಂದು ದಿನ ಸುಟ್ಟ ರಬ್ಬರು. ಮಾವ ಮೊದಲೆಲ್ಲ ಬಾಗಿಲಿಗೆ ಬಂದು, "ಇವತ್ತು ಗಾಳಿ ಕೆರೆ ಕಡೆಯಿಂದ ಅಲ್ಲ, ಫೇಸ್ ಟೂ ಕಾರ್ಖಾನೆಗಳ ಕಡೆಯಿಂದ" ಎಂದು ವರದಿ ಒಪ್ಪಿಸುತ್ತಿದ್ದರು. ಆ ಜೂನ್‌ನಲ್ಲಿ ಒಂದು ಮಧ್ಯಾಹ್ನ ಎಲ್ಲಿಂದಲೋ ಎಂಥ ನಾತ ಬಂತೆಂದರೆ ಊಟಕ್ಕೆ ಕೂತವರು ಕರ್ಚೀಫು ಮೂಗಿಗೆ ಹಿಡಿದು ಎದ್ದು ಹೋದರು. ಥಾಪಾ ವಾಂತಿ ಮಾಡಿಕೊಂಡ. ಮಾವ ಹೊರಗೆ ಬಂದು ನಮ್ಮೆಲ್ಲರ ಮುಖ ನೋಡಿದರು, ಆಮೇಲೆ ತಾವೂ ಹೆಗಲ ಬೈರಾಸು ಮೂಗಿಗೆ ಹಿಡಿದರು. "ಮಳೆ ಬರ್ತದೆ" ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಅಲ್ಲೇ ಇದ್ದೆ. ಆಹಾರ ವಿಜ್ಞಾನ ಓದುವವಳು, ಕಣ್ಣಿದ್ದವಳು, ಅಲ್ಲೇ ಇದ್ದೆ.

ನನ್ನ ಕಾಲೇಜು ಖಾರಘರದಲ್ಲಿ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಇಳಿದು ಪನವೇಲ್ ಲೋಕಲ್ ರೈಲು. ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತು ನಾನು ಗ್ಲುಟಮೇಟಿನ ಮೇಲಿನ ಲೇಖನಗಳನ್ನೆಲ್ಲ ಓದಿದ್ದು. ಅರ್ಧ ಶತಮಾನಕ್ಕೂ ಹಿಂದೆ ಅಮೆರಿಕದಲ್ಲಿದ್ದ ಒಬ್ಬ ವೈದ್ಯರು, ಚೈನೀಸ್ ಹೋಟೆಲಿನಲ್ಲಿ ಉಂಡರೆ ನನಗೆ ಕತ್ತು ಜೋಮು ಹಿಡಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ, ಯಾಕಿರಬಹುದು ಎಂದು ಒಂದು ವೈದ್ಯಕೀಯ ಪತ್ರಿಕೆಗೆ ಕಾಗದ ಬರೆದರು. ಅವರು ಊಹಿಸಿದ ಕಾರಣಗಳಲ್ಲಿ ಈ ಪುಡಿಯೂ ಒಂದು. ಅಷ್ಟು ಸಾಕಾಯಿತು. ಆಮೇಲೆ ಸಂಶೋಧಕರು ಕೊಡುವವರಿಗೂ ಕುಡಿಯುವವರಿಗೂ ಯಾವ ಲೋಟದಲ್ಲಿ ಏನಿದೆ ಎಂದು ಗೊತ್ತಾಗದ ಹಾಗೆ ಎಷ್ಟೋ ಪರೀಕ್ಷೆ ಮಾಡಿದರು. ಊಟವಿಲ್ಲದೆ ಬರಿಯ ಹೊಟ್ಟೆಗೆ ಬಹಳಷ್ಟು ಕುಡಿಸಿದರೆ ಕೆಲವರಿಗೆ ಸ್ವಲ್ಪ ಏನೋ ಆಗುತ್ತಿತ್ತು, ಮತ್ತೆ ಕುಡಿಸಿದರೆ ಅವರಿಗೇ ಆಗುತ್ತಿರಲಿಲ್ಲ. ಅಡುಗೆಯಲ್ಲಿ ಹಾಕುವ ಚಿಟಿಕೆಯಿಂದ ಜನರಿಗೆ ಹಾನಿಯಿದೆ ಎಂದು ಯಾರೂ ತೋರಿಸಲಾಗಲಿಲ್ಲ. ಅದೇ ಗ್ಲುಟಮೇಟು ಟೊಮೆಟೊದಲ್ಲಿದೆ, ತಾಯಿಯ ಹಾಲಿನಲ್ಲಿದೆ. ಇದನ್ನೆಲ್ಲ ಓದಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪನ ಬೋರ್ಡು ಮೂಢನಂಬಿಕೆ ಎಂದು ಮನೆಯಲ್ಲಿ ಭಾಷಣ ಬಿಗಿದೆ. ಅಪ್ಪ, "ನಿನ್ನ ವಿಜ್ಞಾನ ನಿನ್ನ ಕಾಲೇಜಲ್ಲಿ ಇರ್ಲಿ, ನನ್ನ ಗಿರಾಕಿ ನಂಬುದು ಬೋರ್ಡನ್ನು" ಎಂದರು.

ಅದೇ ಹೊತ್ತಿಗೆ ಜೋಶಿ ಕಾಕಾರ ತಲೆನೋವು ಶುರುವಾಯಿತು. ರೈಲ್ವೆಯಿಂದ ನಿವೃತ್ತರಾದ ಅವರು ವರ್ಷಗಟ್ಟಲೆ ಮಧ್ಯಾಹ್ನ ನಮ್ಮಲ್ಲೇ ಸಾರು ಅನ್ನ ಉಣ್ಣುತ್ತಿದ್ದವರು. ಒಂದು ದಿನ ಗಲ್ಲಾದ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ನಿಮ್ಮ ಸಾರಿನಲ್ಲಿ ಚೈನೀಸ್ ಪುಡಿ ಇದೆ, ಉಂಡ ಮೇಲೆ ತಲೆ ಹಿಡಿಯುತ್ತೆ" ಎಂದರು. ಅಪ್ಪನ ಮುಖ ಕಪ್ಪಿಟ್ಟಿತು. ದೇವರ ಫೋಟೋದ ಕಡೆ ಕೈ ತೋರಿಸಿ ಇಲ್ಲ ಎಂದು ಆಣೆ ಮಾಡಿದರು. ನನಗೆ ಮಾತ್ರ ಹಬ್ಬ. ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟು ಎಲ್ಲಿ ಸಿಗುತ್ತದೆ. ನಮ್ಮ ಹೋಟೆಲಿನಲ್ಲೇ, ನಮ್ಮ ಸಾರಿನಲ್ಲೇ ಪರೀಕ್ಷೆ ಮಾಡುತ್ತೇನೆ ಎಂದೆ. ಕಾಲೇಜಿನ ಮೇಡಂ ಒಪ್ಪಿದರು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿ ಬರುವ ಮೊದಲು ಎರಡು ತಾಸು ಹೋಟೆಲು ಖಾಲಿ ಇರುತ್ತದೆ. ಆಗ ಏಳೆಂಟು ಜನರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮುಂದೆ ಮೂರು ಲೋಟ ಸಾರು ಇಡುತ್ತಿದ್ದೆ. ಎರಡರಲ್ಲಿ ಮಾವನ ಕೊಪ್ಪರಿಗೆಯ ಸಾದಾ ಸಾರು, ಒಂದರಲ್ಲಿ ಪುಡಿ ಬೆರೆಸಿದ್ದು. ಬೇರೆಯದು ಯಾವುದು ಹೇಳಬೇಕು. ಒಬ್ಬರಿಗೂ ಹೇಳಲಾಗಲಿಲ್ಲ. ಎರಡು ವಾರ ಮಾಡಿದೆ, ಎಲ್ಲರದ್ದೂ ಕತ್ತಲಲ್ಲಿ ಕಲ್ಲು ಹೊಡೆದಂಥ ಊಹೆ. ಮೇಡಂ ಹಾಳೆ ನೋಡಿ, ಸಾದಾ ಎನ್ನುತ್ತೀಯಲ್ಲ, ಅದು ಸಾದಾ ಹೌದಾ ನೋಡಿದ್ದೀಯಾ ಎಂದು ಕೇಳಿದರು. ನನಗೆ ಸಿಟ್ಟು ಬಂತು. ನಮ್ಮ ಮಾವನ ಸಾರಿನ ಮೇಲೆ ಸಂಶಯವಾ. ತೋರಿಸಿಯೇ ಬಿಡುತ್ತೇನೆ ಎಂದು ಹೋಟೆಲಿನ ಸಾರನ್ನೂ, ಅದೇ ಬೇಳೆ ಅದೇ ಟೊಮೆಟೊದಲ್ಲಿ ಅಮ್ಮ ಮನೆಯಲ್ಲಿ ಮಾಡಿದ ಸಾರನ್ನೂ ಲ್ಯಾಬಿಗೆ ಒಯ್ದೆ. ಅಮ್ಮನ ಸಾರಿನಲ್ಲಿ ಇರಬೇಕಾದಷ್ಟೇ ಗ್ಲುಟಮೇಟು. ಹೋಟೆಲಿನದ್ದರಲ್ಲಿ ಅದರ ಎಷ್ಟೋ ಪಟ್ಟು.

ಅಂದು ನಾನು ಅಪ್ಪನಿಗೆ ಏನೂ ಹೇಳಲಿಲ್ಲ. ಮರುದಿನ ಕಾಲೇಜಿಗೆ ಹೋಗದೆ ಸ್ಟೋರ್ ರೂಮಿನ ಬಾಗಿಲ ಸಂದಿಯಲ್ಲಿ ಕಾದು ನಿಂತೆ. ಹತ್ತು ಗಂಟೆ ಹೊತ್ತಿಗೆ ಮಾವ ಒಬ್ಬರೇ ಇದ್ದಾಗ ಬಲಗಡೆಗೆ ಹೋದರು. ಥಾಪಾನ ಡಬ್ಬದಿಂದ ಒಂದು ಹಿಡಿ ತೆಗೆದು ಕೊಪ್ಪರಿಗೆಗೆ ಹಾಕಿ ತಿರುವಿದರು. ಆಮೇಲೆ ಮಾಡಿದ್ದನ್ನು ನೋಡಿ ನನಗೆ ಪುಡಿಯೇ ಮರೆತುಹೋಯಿತು. ಸೌಟಿನಿಂದ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ಕಣ್ಣು ಮುಚ್ಚಿ ನಿಂತರು. ಇನ್ನೊಮ್ಮೆ ನೆಕ್ಕಿದರು. ಕೈ ತೊಳೆದು, ದೇವರ ಫೋಟೋದ ಕಡೆ ತಿರುಗಿ ಕೆನ್ನೆ ಕೆನ್ನೆ ಬಡಿದುಕೊಂಡರು.

ನಾನಾಗ ಅಂದುಕೊಂಡದ್ದು ಒಂದೇ. ಕಳ್ಳ ಸಿಕ್ಕಿಬಿದ್ದ.

ಅದೇ ವಾರ ಮೇಡಂ ಇನ್ನೊಂದು ಸಲ ಬೈದಿದ್ದರು. ಕೊರೊನಾ ಆದ ಮೇಲೆ ಎಷ್ಟೋ ಜನರ ಮೂಗು ಕೆಟ್ಟಿದೆ, ಕೂರಿಸುವವರ ಮೂಗು ನಾಲಿಗೆ ಮೊದಲು ಪರೀಕ್ಷಿಸದೆ ಯಾರಾದರೂ ಪ್ರಯೋಗ ಮಾಡುತ್ತಾರಾ ಎಂದು. ಅದಕ್ಕೆ ನಾಲ್ಕು ಸಣ್ಣ ಶೀಶೆ ಮಾಡಿಕೊಂಡೆ. ಲವಂಗ, ಇಂಗು, ಕಾಫಿ ಪುಡಿ, ನಾಲ್ಕನೆಯದರಲ್ಲಿ ಬರಿಯ ನೀರು. ಹತ್ತಿ ಹೊದಿಸಿದ್ದರಿಂದ ಒಳಗೇನಿದೆ ಕಾಣುವುದಿಲ್ಲ. ಆಷಾಢ ಕಳೆದ ಒಂದು ಶನಿವಾರ, ಹೊರಗೆ ಮಳೆ ಹೊಡೆಯುತ್ತಿತ್ತು. ಜೋಶಿ ಕಾಕಾ, ಥಾಪಾ, ಬಡಿಸುವವರು, ಎಲ್ಲರೂ ಕೂತರು. ಒಬ್ಬರು ಕಡಿಮೆ. ನಾನು ಅಡುಗೆಮನೆಗೆ ಹೋಗಿ ಮಾವನನ್ನು ಕರೆದೆ.

"ನಾನು ರುಚಿ ನೋಡುವವ ಅಲ್ಲ ಮಾರಾಯ್ತಿ, ನಿಂಗೆ ಗೊತ್ತುಂಟಲ್ಲ" ಎಂದರು.

"ರುಚಿ ಬೇಡ ಮಾವ, ಬರೀ ಮೂಸಿದರೆ ಸಾಕು. ನಿಮ್ಮ ಮೂಗಿಗೆ ಇದೆಲ್ಲ ಯಾವ ಲೆಕ್ಕ."

ಅವರು ಕೈಯಲ್ಲಿದ್ದ ಸೌಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾಳೆ ಮಾಡುವನಾ?" ಎಂದರು. ನಾನು ಕೈ ಹಿಡಿದು ಎಳೆದುಕೊಂಡೇ ಬಂದೆ. ಏಳನೆಯ ಕುರ್ಚಿಯಲ್ಲಿ ಕೂತರು. ಅಷ್ಟು ವರ್ಷದಲ್ಲಿ ಅವರು ಗಿರಾಕಿಯ ಕುರ್ಚಿಯಲ್ಲಿ ಕೂತದ್ದು ನಾನು ಕಂಡದ್ದು ಅದೊಂದೇ ಸಲ. ಮೊದಲ ಶೀಶೆ ಮೂಗಿಗೆ ಹಿಡಿದು ನನ್ನ ಮುಖ ನೋಡಿದರು. "ಕಾಫಿಯಾ?" ಅದು ಇಂಗು. ಡೊಂಬಿವಲಿಯಲ್ಲಿ ಯಾರ ಮನೆಯಲ್ಲಿ ಇಂಗಿನ ಒಗ್ಗರಣೆ ಹಾಕಿದರೂ ಹೇಳುತ್ತಿದ್ದ ಮನುಷ್ಯ. ಎರಡನೆಯದಕ್ಕೆ ಏನೂ ಹೇಳಲಿಲ್ಲ. ಮೂರನೆಯದಕ್ಕೂ ಇಲ್ಲ. ನಾಲ್ಕನೆಯದನ್ನು ಬಹಳ ಹೊತ್ತು ಹಿಡಿದು, ಹಬೆ ಎಳೆದುಕೊಳ್ಳುವಾಗಿನಂತೆ ಕಣ್ಣು ಮುಚ್ಚಿ, "ಲವಂಗ" ಎಂದರು.

"ಮಾವ, ಅದು ನೀರು" ಎಂದೆ.

ಎಲ್ಲರೂ ನಕ್ಕರು. ಮಾವನೂ ನಕ್ಕರು. ಗಲ್ಲಾದಲ್ಲಿ ಕೂತಿದ್ದ ಅಪ್ಪ ಮಾತ್ರ ನಗಲಿಲ್ಲ. ಆ ಕ್ಷಣದಲ್ಲಿ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಜ್ವರ, ಆ ನಾತದ ದಿನ, ಅಂಗೈ ನೆಕ್ಕಿದ್ದು. ಹೊಳೆದದ್ದನ್ನು ನುಂಗಿಕೊಳ್ಳಬಹುದಿತ್ತು. ಸಂಜೆ ಅವರೊಬ್ಬರನ್ನೇ ಕೂರಿಸಿ ಕೇಳಬಹುದಿತ್ತು. ಆದರೆ ಉತ್ತರ ಸಿಕ್ಕ ಸಂತೋಷ ಎಂಥದ್ದೆಂದರೆ ಅದು ಬಾಯಿಂದ ತಾನಾಗಿ ಹೊರಟಿತು.

"ಹಾಗಾದ್ರೆ ನಿಮಗೆ ವಾಸನೆಯೇ ಬರೋದಿಲ್ಲ. ಅದಕ್ಕೇ ಸಾರಿಗೆ ಆ ಪುಡಿ ಹಾಕ್ತಿದ್ದದ್ದು ನೀವೇ."

ಜೋಶಿ ಕಾಕಾರ ಮುಂದೆ, ಥಾಪಾನ ಮುಂದೆ, ಅಪ್ಪನ ಬೋರ್ಡಿನ ಕೆಳಗೆ ಹೇಳಿದೆ. ಮಾವ ಶೀಶೆಯನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟರು. ಬೈರಾಸಿನಿಂದ ಮುಖ ಒರೆಸಿಕೊಂಡು, "ಹೌದು" ಎಂದರು. ಎದ್ದು ಒಳಗೆ ಹೋಗಿ ಸಂಜೆಯ ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿದರು.

ಅಪ್ಪ ಒಂದು ಮಾತು ಬೈಯಲಿಲ್ಲ. ಎರಡು ದಿನ ಬಿಟ್ಟು, "ಭಾವ, ಸ್ವಲ್ಪ ದಿನ ಗಲ್ಲಾದಲ್ಲಿ ಕೂತು ಆರಾಮ ಮಾಡಿ, ಒಲೆಗೆ ಬೇರೆಯವರನ್ನು ನೋಡ್ತೇನೆ" ಎಂದರು. ಅವರ ಪ್ರಕಾರ ಅದು ದಯೆ. ಮಾವ ಒಂದು ವಾರ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಸೋಂಪು ಕೊಟ್ಟರು. ಹೊಸ ಭಟ್ಟರು ಸೌಟಿನಿಂದ ಸಾರು ನೆಕ್ಕಿ ನೋಡುವುದು ಅಲ್ಲಿಂದಲೇ ಕಾಣುತ್ತಿತ್ತು. ಎಂಟನೆಯ ದಿನ ಊರಿಗೆ ಹೋಗುತ್ತೇನೆ, ದೇವಸ್ಥಾನದಲ್ಲಿ ಹೂ ಕಟ್ಟುವ ಕೆಲಸವಾದರೂ ಸಿಗುತ್ತದೆ ಎಂದರು. ಅಮ್ಮ ಅತ್ತಳು. ನಾನು ಕ್ಷಮಿಸಿ ಎಂದು ಹೇಳಲು ಮೂರು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅವರು ಹೊರಟಾಗ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ತಲೆ ಮುಟ್ಟಿ, "ಪರೀಕ್ಷೆ ಚೆನ್ನಾಗಿ ಮಾಡು" ಎಂದರು.

ಗಣಪತಿ ಹಬ್ಬ ಕಳೆದ ಒಂದು ಗುರುವಾರ, ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಹೋಗುತ್ತಿದ್ದೆ. ಹುಡುಗರ ಹಾಸ್ಟೆಲಿನ ಕೆಳಗೆ ಒಂದು ಸಣ್ಣ ಮೆಸ್ಸು. ಅದರ ಹಿಂಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ಒಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ಹೆಗಲ ಮೇಲೆ ಅದೇ ಬೈರಾಸು.

"ಮಾವ" ಎಂದೆ. ಅವರು ಗಾಬರಿಯಾಗಲಿಲ್ಲ. "ನೀನು ದಿನಾ ಈ ದಾರಿಯಲ್ಲಿ ಹೋಗುದು ಕಾಣ್ತದೆ. ಇವತ್ತು ಈ ಕಡೆ ನೋಡಿದಿ" ಎಂದರು.

ಊರಿಗೆ ಹೋಗಿದ್ದೇ ಹದಿನೈದು ದಿನ. ಅಲ್ಲಿ ಕೈ ಕಟ್ಟಿ ಕೂರಲಾಗದೆ ಹಳೆಯ ಪರಿಚಯದ ಮೇಲೆ ಈ ಮೆಸ್ಸಿಗೆ ಬಂದಿದ್ದರು. ಹುಡುಗರಿಗೆ ಸಾರು ಹೇಗಿದ್ದರೂ ನಡೆಯುತ್ತದೆ ಎಂದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಕ್ಷಮಿಸಿ ಎಂಬುದನ್ನು ಆಗ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಲೇ ಇದ್ದರು.

"ಪುಡಿ ಹಾಕಿದ್ದಕ್ಕೆ ನಂಗೆ ಬೇಜಾರಿಲ್ಲ" ಎಂದರು ಆಮೇಲೆ. "ಜ್ವರ ಬಿಟ್ಟ ಮೇಲೆ ಎಲ್ಲಾ ಖಾಲಿ. ಕೊತ್ತಂಬರಿ ಹುರಿದ್ರೆ ಬಣ್ಣ ನೋಡಿ ಇಳಿಸ್ತಿದ್ದೆ. ಬಟ್ಟಲಲ್ಲಿ ಸಾರು ಹಾಗೇ ವಾಪಸು ಬರ್ತಿತ್ತು, ತೊಳೆಯುವಲ್ಲಿ ಹೋಗಿ ನೋಡ್ತಿದ್ದೆ. ಒಂದು ದಿನ ಥಾಪಾನ ಪುಡಿ ಹಾಕಿ ನಾಲಿಗೆಗೆ ಇಟ್ಟೆ. ಎಂತದೋ ಒಂದು ತಾಗಿತು, ಚೈತ್ರಾ. ವರ್ಷದ ಮೇಲೆ ಎಂತದೋ ತಾಗಿದ್ದು ಅದೇ." ಸುಲಿದ ಕಾಳನ್ನು ಪಾತ್ರೆಗೆ ಸುರಿದರು. "ಆದ್ರೆ ದೇವರಿಗೆ ಎಂಜಲು ಇಟ್ಟೆ. ಎರಡು ತಿಂಗಳು ದಿನಾ ಇಟ್ಟೆ. ಅದು ನಿನ್ನ ಅಪ್ಪನಿಗೆ ಗೊತ್ತಿಲ್ಲ."

ನಾನು ಮನೆಗೆ ಬನ್ನಿ ಎಂದೆ. ಅವರು ತಲೆ ಅಲ್ಲಾಡಿಸಿದರು. "ಇಲ್ಲಿ ಇದ್ದೇನೆ ಅಂತ ಮನೆಯಲ್ಲಿ ಹೇಳ್ಬೇಡ. ನನ್ನ ಮೂಗಿನ ವಿಷಯ ಈ ಮೆಸ್ಸಿನವರ ಹತ್ರ ಹೇಳ್ಬೇಡ. ಇದೊಂದು ಒಲೆ ಉಂಟು ನಂಗೆ." ನನ್ನ ಕೈ ಹಿಡಿದು ಮಾತು ತೆಗೆದುಕೊಂಡರು. ಒಮ್ಮೆ ಬಾಯಿಬಿಟ್ಟು ಒಂದು ಒಲೆ ಕಿತ್ತುಕೊಂಡವಳು ನಾನು. ಈ ಸಲ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟೆ.

ಆಮೇಲೆ ಪ್ರತಿ ಗುರುವಾರ ಹೋದೆ. ಆ ವಾರಗಳೇ ನನ್ನ ಮಟ್ಟಿಗೆ ಆ ವರ್ಷದಲ್ಲಿ ಒಳ್ಳೆಯವು. ಮಳೆ ಬಿಡುತ್ತಾ ಬಂದಿತ್ತು, ಖಾರಘರದ ಗುಡ್ಡಗಳು ಹಸಿರಾಗಿದ್ದವು, ನೀರಿನ ಗೆರೆಗಳು ಮೆಸ್ಸಿನ ಹಿಂಬಾಗಿಲಿಗೆ ಕಾಣುತ್ತಿದ್ದವು. ಮಾವ ವಾರಕ್ಕೆ ಬೇಕಾದ ಸಾರಿನ ಪುಡಿಯನ್ನು ಗುರುವಾರವೇ ಹುರಿಯುತ್ತಿದ್ದರು. ಬಾಣಲೆಯ ಮುಂದೆ ಅವರು, ಪಕ್ಕದಲ್ಲಿ ನಾನು. ಕೊತ್ತಂಬರಿ, ಜೀರಿಗೆ, ಮೆಂತೆ. ನಾನು ಕಣ್ಣು ಮುಚ್ಚಿ ಮೂಸುತ್ತಿದ್ದೆ. "ಬಂತಾ?" ಎನ್ನುತ್ತಿದ್ದರು. "ಇನ್ನೂ ಇಲ್ಲ ಮಾವ." "ಈಗ?" "ಈಗ ಮೆಂತೆ ಬಂತು, ಇಳಿಸಿ." ಮೊದಲ ಸಲ ನಾನು ಹೇಳುವುದು ತಡವಾಗಿ ಸೀದುಹೋಯಿತು. ಮೂರನೆಯ ವಾರಕ್ಕೆ ಸರಿಯಾಗಿ ಹೇಳಿದೆ. ಆ ದಿನ ಸಾರು ಮಾಡಿ ನನಗೊಂದು ಲೋಟ ಕೊಟ್ಟು, ಎದುರಿಗೆ ಕೂತು, "ಹೇಗುಂಟು?" ಎಂದು ಕೇಳಿದರು. ಮಾಡಿದ್ದು ಹೇಗಿದೆ ಎಂದು ಅವರು ಯಾರನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಮೊದಲಿನ ಹಾಗೇ ಉಂಟು ಮಾವ ಎಂದೆ. ಅದು ಸುಳ್ಳಲ್ಲ.

ಆ ಪುಡಿಯನ್ನು ಒಂದು ಪೊಟ್ಟಣ ಕಟ್ಟಿ ಕೊಟ್ಟರು. "ಕಮಲನಿಗೆ ಕೊಡು, ಅಂಗಡಿಯದ್ದು ಅಂತ ಹೇಳು" ಎಂದರು. ಕಮಲ ನನ್ನ ಅಮ್ಮ. ಅಮ್ಮ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದವಳು ಹಾಗೇ ನಿಂತಳು. "ಇದು ಅಣ್ಣನ ಕೈಯ ಹದದ ಹಾಗೇ ಉಂಟಲ್ಲ. ಎಲ್ಲಿಯದ್ದು?" ಎಂದಳು. ಖಾರಘರದ ಅಂಗಡಿಯದ್ದು ಎಂದೆ. ಅಲ್ಲಿಂದ ಮೂರು ವಾರ ಪೊಟ್ಟಣ ತಂದೆ.

ಅಕ್ಟೋಬರಿನ ಎರಡನೆಯ ಗುರುವಾರ ಬಾಣಲೆಯ ಮುಂದೆ ನಿಂತಾಗ ಮೆಂತೆಗಿಂತ ಮೊದಲು ಬೇರೆ ವಾಸನೆ ಬಂತು. "ಮಾವ, ಗ್ಯಾಸು" ಎಂದೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ನಾತದ ವಸ್ತು ಬೆರೆಸಿರುತ್ತಾರೆ, ಮೂಗಿರುವವರಿಗಾಗಿ. ಅವರು ಒಲೆ ಆರಿಸಿ, ಸಿಲಿಂಡರಿನ ಕಡೆ ಬಗ್ಗಿ ತಿರುಪು ಬಿಗಿ ಮಾಡಿದರು. ಪೈಪು ಹಳೆಯದಾಗಿದೆ, ಬದಲಿಸಲು ಹೇಳಿ ಎಂದೆ. "ಯಾಕೆ ಅಂತ ಕೇಳಿದ್ರೆ? ನಂಗೆ ಬರಲಿಲ್ಲ, ನನ್ನ ತಂಗಿ ಮಗಳಿಗೆ ವಾಸನೆ ಬಂತು ಅಂತ ಹೇಳ್ಲಾ?" ಎಂದು ನಕ್ಕರು. ಮೆಸ್ಸಿನ ಮಾಲೀಕರು ಆಚೆ ಕೋಣೆಯಲ್ಲೇ ಕೂತು ಮೊಬೈಲ್ ನೋಡುತ್ತಿದ್ದರು. ಹತ್ತು ಹೆಜ್ಜೆ. ಹೋಗಿ ಹೇಳಿದರೆ ಮಾತು ಮುರಿದಂತಾಗುತ್ತದೆ ಎಂದು ನಾನು ಹೋಗಲಿಲ್ಲ. ಮುಂದಿನ ವಾರ ಪ್ರಾಜೆಕ್ಟು ಒಪ್ಪಿಸುವುದಿತ್ತು, ಬರುವುದಿಲ್ಲ ಎಂದು ಹೇಳಿ ಬಂದೆ.

ಪ್ರಾಜೆಕ್ಟು ಒಪ್ಪಿಸಿದೆ. ಅಮ್ಮನ ಸಾರಿನಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿದ್ದೆ. ಪುಡಿ ಇದ್ದ ದಿನ ಜೋಶಿ ಕಾಕಾರ ತಲೆ ನೋಯಲಿಲ್ಲ, ಇಲ್ಲದ ದಿನ ನೋಯಿತು, ಆಮೇಲೆ ನೋಡಿದರೆ ಅವರಿಗೆ ಬಿಪಿ. ಎಲ್ಲ ಕೋಷ್ಟಕಗಳ ಕೆಳಗೆ ಒಂದು ಟಿಪ್ಪಣಿ ಇದೆ. ಏಳನೆಯ ವ್ಯಕ್ತಿಗೆ ಘ್ರಾಣಶಕ್ತಿ ಇಲ್ಲದ ಕಾರಣ ಅವರ ಉತ್ತರಗಳನ್ನು ಕೈಬಿಡಲಾಗಿದೆ. ಮೇಡಂ ಬಹಳ ಮೆಚ್ಚಿದರು.

ಒಪ್ಪಿಸಿದ ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋನು ಬಂತು. ಮಾವ ಮಲಗುವ ಕೋಣೆಯಲ್ಲಿ ನೇತುಹಾಕಿದ್ದ ಅಂಗಿಯ ಜೇಬಿನಲ್ಲಿ ನಮ್ಮ ಹೋಟೆಲಿನ ಹಳೆಯ ಬಿಲ್ಲಿತ್ತಂತೆ, ಅದರ ಮೇಲಿನ ನಂಬರು. ಮೆಸ್ಸಿನ ಅಡುಗೆಮನೆಯಲ್ಲಿ ಗ್ಯಾಸು ತುಂಬಿತ್ತು. ಬೆಳಿಗ್ಗೆ ಚಹಾಕ್ಕೆ ನೀರು ಕಾಯಿಸಲು ಬಂದ ಒಬ್ಬ ಹುಡುಗ, ಬಾಗಿಲಲ್ಲೇ ನಾತ ಹೊಡೆದು, ಭಟ್ಟರೇ ಎಂದು ಕೂಗುವಷ್ಟರಲ್ಲಿ ಒಳಗೆ ಕಡ್ಡಿ ಗೀರಿದ ಸದ್ದು ಕೇಳಿತಂತೆ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಅಮ್ಮ ಹಾಸಿಗೆಯ ಪಕ್ಕ ಕೂತು ಅಣ್ಣಾ ಅಣ್ಣಾ ಎಂದು ಕರೆದಳು. ಅವರು ಕಣ್ಣು ಬಿಡಲಿಲ್ಲ.

ನಾನು ಯಾರಿಗೂ ಏನೂ ಹೇಳಲಿಲ್ಲ. ಹೋಟೆಲಿನಲ್ಲಿದ್ದಿದ್ದರೆ ಥಾಪಾ ಮೂಸುತ್ತಿದ್ದ, ಅಪ್ಪ ಮೂಸುತ್ತಿದ್ದರು, ಹತ್ತು ಮೂಗುಗಳ ನಡುವೆ ಅವರ ಒಂದು ಮೂಗು ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ. ಹೇಳಬಾರದ ಕಡೆ ಎಲ್ಲರ ಎದುರು ಹೇಳಿದೆ, ಹೇಳಲೇಬೇಕಾದ ಕಡೆ ಹತ್ತು ಹೆಜ್ಜೆ ನಡೆಯಲಿಲ್ಲ. ಇದನ್ನು ಯಾವ ಟಿಪ್ಪಣಿಯಲ್ಲೂ ಬರೆದಿಲ್ಲ.

ಹೋಟೆಲು ಈಗ ಇಲ್ಲ. ಅಪ್ಪ ಮರುವರ್ಷ ಅದನ್ನು ಬಿಟ್ಟುಕೊಟ್ಟರು, ಅಲ್ಲೊಂದು ಮೊಬೈಲ್ ಅಂಗಡಿ ಇದೆ. ಅಮ್ಮ ಒಲೆ ಹಚ್ಚುವ ಮೊದಲು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಸುತ್ತೇನೆ. ಅವಳಿಗೆ ಅಭ್ಯಾಸವಾಗಿದೆ, ಕಡ್ಡಿ ಹಿಡಿದು ಕಾಯುತ್ತಾಳೆ. ಅವಳು ಕೊತ್ತಂಬರಿ ಹುರಿಯುವ ದಿನ ಮಾತ್ರ ನಾನು ಮನೆಯಲ್ಲಿ ಇರಲಾರೆ. ಆ ಘಮ ಬಂದಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಾಳೆ. "ಖಾರಘರದಲ್ಲಿ ಇದ್ದ. ಇಷ್ಟು ಹತ್ತಿರ ಇದ್ದು ತಂಗಿಗೆ ಒಂದು ಮಾತು ತಿಳಿಸಲಿಲ್ಲ. ನಾವು ಅವನಿಗೆ ಅಷ್ಟು ಬೇಡವಾದೆವಾ?" ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ಕೇಳುತ್ತಾಳೆ. "ಆಗ ನೀನು ಒಂದು ಸಾರಿನ ಪುಡಿ ತರ್ತಿದ್ದಿ ಅಲ್ವಾ, ಆ ಅಂಗಡಿ ಈಗ ಇಲ್ವಾ?" ಮೊನ್ನೆ ಬುಧವಾರ, ನಾನು ಲ್ಯಾಬಿನಲ್ಲಿ ಅತ್ತು ಬಂದ ಸಂಜೆ, ಮತ್ತೆ ಕೇಳಿದಳು. ಆ ಅಂಗಡಿ ಮುಚ್ಚಿದೆ ಎಂದೆ.

ನಾನು ಕನ್ನಡದಲ್ಲಿ ಬರೆದದ್ದನ್ನೆಲ್ಲ ಅಮ್ಮ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದುತ್ತಾಳೆ. ಇದನ್ನೂ ಓದುತ್ತಾಳೆ. ಎದುರು ಕೂತು ಹೇಳುವ ಧೈರ್ಯ ನನಗೆ ಇಷ್ಟು ವರ್ಷ ಬರಲಿಲ್ಲ.

ಅಮ್ಮ, ಅವರು ಪ್ರತಿ ಗುರುವಾರ ಮೊದಲು ಕೇಳುತ್ತಿದ್ದದ್ದು ನಿನ್ನ ಮಂಡಿನೋವು ಹೇಗುಂಟು ಎಂದು. ಆ ಪುಡಿ ಅಂಗಡಿಯದ್ದಲ್ಲ.